ಕಿವಿ ಮಿಷನ್ ಬೀರುವಿನಲ್ಲೇ ಉಳಿಯುವುದು ಯಾಕೆ?

‘ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಮೂರು ಹನಿ ಬಿಡಿ, ಹತ್ತೇ ದಿನದಲ್ಲಿ ಕಿವುಡು ಮಾಯ.’ ಈ ಥರದ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಕಿವಿಗೆ ಮಿಷನ್ ಹಾಕಿಸಿದರೆ ಇರುವ ಕಿವಿಯೂ ಹೋಗುತ್ತದೆ, ಎಚ್ಚರ!’

ಎರಡೂ ಸುಳ್ಳು. ಕಿವಿಗೆ ಬಿಟ್ಟ ಎಣ್ಣೆ ತಮಟೆಯ ಆಚೆ ಹೋಗುವುದೇ ಇಲ್ಲ. ವಯಸ್ಸಿನಿಂದಲೋ ಸದ್ದಿನಿಂದಲೋ ಕಿವಿ ಮಂದವಾದಾಗ ಹಾಳಾಗಿರುವುದು ತಮಟೆಯ ಆಚೆಗಿರುವ ಒಳಗಿವಿ. ಇನ್ನು ಪರೀಕ್ಷೆ ಮಾಡಿ, ಅವರವರ ಕಿವಿಗೆ ತಕ್ಕಂತೆ ಹೊಂದಿಸಿದ ಮಿಷನ್ ಎಷ್ಟರ ಮಟ್ಟಿಗೆ ಸದ್ದು ಹೆಚ್ಚಿಸಬೇಕು ಎಂಬುದಕ್ಕೆ ಮಿತಿ ಹಾಕಿಯೇ ಕೊಟ್ಟಿರುತ್ತಾರೆ. ಪರೀಕ್ಷೆಯೇ ಇಲ್ಲದೆ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಸಿಗುವ ‘ಸೌಂಡ್ ಆಂಪ್ಲಿಫೈಯರ್’ ಬೇರೆ ಮಾತು. ಅದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತದೆ. ಅದನ್ನು ಹಿಯರಿಂಗ್ ಏಡ್ ಅನ್ನುವುದೇ ತಪ್ಪು.

ಸುಳ್ಳು ಎಂದು ಹೇಳಿ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಈ ಎರಡು ಫಾರ್ವರ್ಡ್‌ಗಳು ವರ್ಷಗಟ್ಟಲೆ ಸಾಯದೆ ಓಡಾಡುತ್ತಿರುವುದು ಯಾಕೆ ಎಂಬ ಪ್ರಶ್ನೆ ನಮಗೆ ಹೆಚ್ಚು ಮುಖ್ಯ ಅನ್ನಿಸಿತು. ನಾಲ್ಕು ಜನರ ಎದುರು ಕಿವಿಗೆ ಮಿಷನ್ ಹಾಕಿಕೊಳ್ಳದೆ ಇರುವುದಕ್ಕೆ ಒಂದು ಒಳ್ಳೆಯ ಕಾರಣ ಸಿಕ್ಕರೆ ಸಾಕು ಎಂದು ಕಾಯುತ್ತಿರುವವರಿಗೆ ಎರಡೂ ಅದನ್ನೇ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಶ್ರವಣ ವರದಿಯ ಪ್ರಕಾರ, ಹಿಯರಿಂಗ್ ಏಡ್‌ನಿಂದ ಅನುಕೂಲ ಆಗಬಹುದಾದ ನೂರು ಜನರಲ್ಲಿ ಅದನ್ನು ಬಳಸುತ್ತಿರುವವರು ಸುಮಾರು 17 ಮಂದಿ ಮಾತ್ರ. ಬೆಲೆ ಇದಕ್ಕೆ ದೊಡ್ಡ ಕಾರಣ, ನಿಜ. ಹಾಗಂತ ಕೊಂಡವರ ಮನೆಯಲ್ಲೂ, ಪುಕ್ಕಟೆ ಸಿಕ್ಕವರ ಮನೆಯಲ್ಲೂ ಅದು ಬೀರುವಿನಲ್ಲಿ ಬಿದ್ದಿರುವುದು ಬೆಲೆಯಿಂದಲ್ಲ. ಒಂದೇ ಮಟ್ಟದ ಕಿವುಡು ಇರುವ ಇಬ್ಬರಿಗೆ ಒಂದೇ ಮಿಷನ್ ಕೊಟ್ಟರೂ ಒಬ್ಬರು ಮದುವೆ ಮನೆಯಲ್ಲಿ ಆರಾಮಾಗಿ ಮಾತಾಡಿಕೊಂಡಿರುತ್ತಾರೆ, ಇನ್ನೊಬ್ಬರು ವಾರಕ್ಕೇ ತೆಗೆದಿಡುತ್ತಾರೆ. ಆ ವ್ಯತ್ಯಾಸ ಹೆಚ್ಚಾಗಿ ಹುಟ್ಟುವುದು ಮನಸ್ಸಿನಲ್ಲಿ, ಮನೆಯಲ್ಲಿ, ಊರಿನಲ್ಲಿ.

ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ

ಇದನ್ನು ನೋಡಲು ದೊಡ್ಡಬಳ್ಳಾಪುರಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ಪಟ್ಟಣದ ಹಳೇ ಬೀದಿಗಳಲ್ಲಿ ನಡೆದರೆ ಮನೆ ಮನೆಯಿಂದ ಪವರ್‌ಲೂಮ್ ಸದ್ದು ಕೇಳುತ್ತದೆ. ರೇಷ್ಮೆ ಸೀರೆ ನೇಯುವ ಸಾವಿರಾರು ಮಗ್ಗಗಳು, ಅದರಲ್ಲೂ ಎಷ್ಟೋ ಮಗ್ಗಗಳು ವಾಸದ ಮನೆಗೆ ಅಂಟಿಕೊಂಡೇ ಇವೆ. ಅತ್ತಿಂದಿತ್ತ ಬಡಿಯುವ ಲಾಳಿ ಇರುವ ಪವರ್‌ಲೂಮ್‌ಗಳು ತುಂಬಿದ ಕೋಣೆಯಲ್ಲಿ ಸದ್ದು ಸಾಮಾನ್ಯವಾಗಿ 95ರಿಂದ 100 ಡೆಸಿಬೆಲ್ ಆಸುಪಾಸು ಇರುತ್ತದೆ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ ಮಿತಿ 90 ಡೆಸಿಬೆಲ್. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಇನ್ನೂ ಬಿಗಿ: 85 ಡೆಸಿಬೆಲ್‌ಗೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯಬೇಕು. ಆ ಲೆಕ್ಕದಲ್ಲಿ 100 ಡೆಸಿಬೆಲ್‌ನಲ್ಲಿ ದಿನಕ್ಕೆ ಹದಿನೈದೇ ನಿಮಿಷ. ನೇಕಾರರು ಅಲ್ಲಿ ಕಳೆಯುವುದು ಹತ್ತು ಹನ್ನೆರಡು ಗಂಟೆ. ಮಗ್ಗದ ಪಕ್ಕದ ಕೋಣೆಯಲ್ಲೇ ಮಕ್ಕಳೂ ಮಲಗುತ್ತಾರೆ.

ಒಂದೊಂದು ಕಿವಿಯ ಒಳಗೂ ಸದ್ದನ್ನು ಗ್ರಹಿಸುವ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ದಿನವೂ ಜೋರು ಸದ್ದು ಬಿದ್ದರೆ ಅವು ಒಂದೊಂದಾಗಿ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ಕೀವಿಲ್ಲ. ಸಂಜೆ ಮಗ್ಗ ನಿಲ್ಲಿಸಿದಾಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆ, ಬೆಳಿಗ್ಗೆಗೆ ಸರಿಹೋಗುತ್ತದೆ. ವರ್ಷಗಳ ಮೇಲೆ ಬೆಳಿಗ್ಗೆಗೂ ಸರಿಹೋಗುವುದಿಲ್ಲ.

ಇದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಅಪ್ಪನಿಗೂ ಹೀಗೇ ಇತ್ತು, ಎದುರು ಮನೆಯವರಿಗೂ ಹೀಗೇ ಇದೆ, ಮಗ್ಗ ಅಂದಮೇಲೆ ಕಿವಿ ಮಂದ ಆಗೋದೇ. ಬೀದಿಯಲ್ಲಿ ಎಲ್ಲರೂ ಜೋರಾಗಿ ಮಾತಾಡುವಾಗ ಕೇಳಿಸದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳಲ್ಲೂ ಇದೇ ನಡೆದಿತ್ತು: ಅಲ್ಲಿನ ನೇಕಾರ ಹೆಂಗಸರು ಸದ್ದಿನ ನಡುವೆ ತುಟಿ ಚಲನೆಯಲ್ಲೇ ಮಾತಾಡುವ ಒಂದು ಪದ್ಧತಿ ಬೆಳೆಸಿಕೊಂಡಿದ್ದರು, ಅದಕ್ಕೊಂದು ಹೆಸರೂ ಇತ್ತು. ಸದ್ದಿಗೆ ಹೊಂದಿಕೊಳ್ಳುವುದು ಜಾಣತನ, ಸಂಶಯವಿಲ್ಲ. ಆ ಜಾಣತನವೇ ನಷ್ಟವನ್ನು ಮುಚ್ಚಿಡುತ್ತದೆ ಎಂಬುದು ಇದರ ಇನ್ನೊಂದು ಮುಖ.

ಹಾಗಾದರೆ ಇಯರ್ ಪ್ಲಗ್ ಯಾಕೆ ಹಾಕುವುದಿಲ್ಲ? ‘ಅರಿವಿನ ಕೊರತೆ’ ಎಂದು ಬರೆದು ಮುಗಿಸುವ ಲೇಖನಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ನೇಕಾರರ ಕಡೆಯಿಂದ ನೋಡಿದರೆ ಅವರ ಕಾರಣ ಸಣ್ಣದಲ್ಲ: ಮಗ್ಗದ ತಾಳ ತಪ್ಪಿದರೆ, ಲಾಳಿ ಎಡವಿದರೆ ಅವರಿಗೆ ಮೊದಲು ಗೊತ್ತಾಗುವುದು ಕಿವಿಯಿಂದ. ಕಿವಿ ಮುಚ್ಚಿದರೆ ಸೀರೆ ಕೆಡುತ್ತದೆ ಎಂಬ ಭಯ. ಇದಕ್ಕೆ ಸರಿಯಾದ ಉತ್ತರ, ಫೋಮ್ ಪ್ಲಗ್ ಸದ್ದನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಕೆಲವು ದಿನ ಹಾಕಿಕೊಂಡು ಅಭ್ಯಾಸವಾದರೆ ತಗ್ಗಿದ ಸದ್ದಿನಲ್ಲೇ ತಾಳದ ವ್ಯತ್ಯಾಸ ಹಿಡಿಯಬಹುದು. ಹತ್ತಿ ಉಂಡೆ ಮಾತ್ರ ಬೇಡ. ಅದು ತಡೆಯುವ ಸದ್ದು ತೀರಾ ಅಲ್ಪ, ಕೊಡುವ ಧೈರ್ಯ ಮಾತ್ರ ಜಾಸ್ತಿ.

‘ಬೇಕಾದ್ದು ಮಾತ್ರ ಕೇಳಿಸುತ್ತೆ ಅವರಿಗೆ’

ಈ ಮಾತು ಕೇಳಿರದ ಮನೆ ಇದೆಯೇ? ‘ಊಟಕ್ಕೆ ಬನ್ನಿ ಅಂತ ಹತ್ತು ಸಲ ಕೂಗಿದ್ರೂ ಕೇಳ್ಸಲ್ಲ, ದುಡ್ಡಿನ ವಿಷ್ಯ ಅಂದ್ರೆ ಪಿಸುಗುಟ್ಟಿದ್ರೂ ಕೇಳ್ಸುತ್ತೆ.’

ಇದು ಹಟವಲ್ಲ, ಇದರ ಹಿಂದೆ ವಿಜ್ಞಾನ ಇದೆ. ಸದ್ದಿನಿಂದ ಮತ್ತು ವಯಸ್ಸಿನಿಂದ ಮೊದಲು ಹೋಗುವುದು ಎತ್ತರದ ಸ್ವರಗಳು. ಮಗ್ಗದಂಥ ಸದ್ದಿನ ಪೆಟ್ಟು ಸಾಮಾನ್ಯವಾಗಿ 4000 ಹರ್ಟ್ಸ್ ಸುತ್ತಮುತ್ತ ಮೊದಲು ಕಾಣಿಸುತ್ತದೆ. ಅ, ಆ, ಓ ಎಂಬ ಸ್ವರಗಳು ತಗ್ಗಿನವು, ಗಟ್ಟಿಯಾದವು, ಅವು ಕೇಳಿಸುತ್ತವೆ. ಸ, ಶ, ಕ, ತ, ಪ ತರಹದ ವ್ಯಂಜನಗಳು ಮೆಲುವಾದವು, ಅವು ಜಾರಿಹೋಗುತ್ತವೆ. ಆಗ ಕಾಲು, ಹಾಲು, ಸಾಲು, ಪಾಲು ಎಲ್ಲವೂ ಒಂದೇ ‘ಆಲು’. ಮಾತು ಆಡಿದ್ದು ಗೊತ್ತಾಗುತ್ತದೆ, ಏನು ಆಡಿದರೆಂದು ಗೊತ್ತಾಗುವುದಿಲ್ಲ. ಹಿರಿಯರು ‘ನಂಗೆ ಕಿವಿ ಚೆನ್ನಾಗೇ ಕೇಳುತ್ತೆ, ನೀವೇ ಗೊಣಗ್ತೀರಿ’ ಎಂದು ಜಗಳವಾಡುವುದು ಇದಕ್ಕೇ. ಅವರ ಪಾಲಿಗೆ ಅದು ನಿಜ.

ದುಡ್ಡಿನ ಮಾತು ಕೇಳಿಸುವುದೂ ಹೀಗೇ. ಅದನ್ನು ಸಾಮಾನ್ಯವಾಗಿ ಗಂಡಸರು ತಗ್ಗಿದ ದನಿಯಲ್ಲಿ, ಎದುರು ಕೂತು, ಟಿವಿ ಆರಿಸಿ ಆಡುತ್ತಾರೆ. ವಿಷಯ ಏನೆಂದು ಮೊದಲೇ ಅಂದಾಜು ಇರುತ್ತದೆ, ಉಳಿದದ್ದನ್ನು ಮೆದುಳು ತುಂಬಿಕೊಳ್ಳುತ್ತದೆ. ಊಟಕ್ಕೆ ಕರೆಯುವುದು ಹೆಂಗಸರ ಅಥವಾ ಮಕ್ಕಳ ಎತ್ತರದ ದನಿ, ಅದೂ ಅಡುಗೆಮನೆಯಿಂದ, ಕುಕ್ಕರ್ ಕೂಗುವಾಗ.

ಇಲ್ಲಿ ನಮ್ಮ ಸಂಸ್ಕೃತಿಯ ಒಂದು ಸೂಕ್ಷ್ಮವೂ ಸೇರಿಕೊಳ್ಳುತ್ತದೆ. ಮಾವನ ಎದುರು ಸೊಸೆ ಮೆಲ್ಲಗೆ, ತಲೆ ತಗ್ಗಿಸಿ, ಓರೆಯಾಗಿ ನಿಂತು ಮಾತಾಡುವುದು ಎಷ್ಟೋ ಮನೆಗಳಲ್ಲಿ ಇಂದಿಗೂ ಮರ್ಯಾದೆ. ಕಿವಿ ಮಂದವಾದ ಮಾವನಿಗೆ ಬೇಕಾದದ್ದು ಇದರ ತದ್ವಿರುದ್ಧ: ಮುಖ ಕಾಣಬೇಕು, ತುಟಿ ಕಾಣಬೇಕು, ದನಿ ಸ್ಪಷ್ಟವಾಗಿರಬೇಕು. ಮರ್ಯಾದೆಗೆ ಆಡಿದ ಮೆಲುಮಾತು ಅವರಿಗೆ ತಲುಪುವುದೇ ಇಲ್ಲ. ಗಟ್ಟಿಯಾಗಿ ಹೇಳಿದರೆ ‘ನನ್ನ ಮೇಲೆ ರೇಗ್ತಾಳೆ’ ಅನ್ನಿಸುತ್ತದೆ. ಈ ಗೊಂದಲ ಕೆಲವು ವರ್ಷ ನಡೆದರೆ ಸೊಸೆ ಅಗತ್ಯಕ್ಕಷ್ಟೇ ಮಾತಾಡುತ್ತಾಳೆ, ಮಾವ ಜಗುಲಿಗೆ ಸರಿಯುತ್ತಾರೆ. ನಂತರ ‘ಮಾವ ಈಚೆಗೆ ಯಾಕೋ ಯಾರ ಜೊತೆಗೂ ಸೇರಲ್ಲ’ ಎಂಬ ಮಾತು.

ಕನ್ನಡಕಕ್ಕೆ ಇಲ್ಲದ ನಾಚಿಕೆ

ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಳ್ಳುತ್ತೇವೆ. ಅದರಿಂದ ಮುಖಕ್ಕೆ ಒಂದು ಗತ್ತೂ ಬರುತ್ತದೆ, ಮೇಷ್ಟ್ರ ಹಾಗೆ ಕಾಣುತ್ತೇವೆ. ಕಿವಿ ಮಿಷನ್‌ಗೆ ಆ ಭಾಗ್ಯ ಇಲ್ಲ. ‘ಕುರುಡ’ ಎಂಬ ಮಾತಿನಲ್ಲಿ ಕನಿಕರ ಇದ್ದರೆ ‘ಕೆಪ್ಪ’ ಎಂಬ ಮಾತಿನಲ್ಲಿ ನಗೆ ಇದೆ. ನಾಟಕ, ಸಿನಿಮಾಗಳಲ್ಲಿ ಕಿವುಡನ ಪಾತ್ರ ಬಂದರೆ ಅದು ತಪ್ಪು ಕೇಳಿಸಿಕೊಂಡು ಜನರನ್ನು ನಗಿಸಲೆಂದೇ. ಐವತ್ತು ವರ್ಷ ಈ ನಗೆಯಲ್ಲಿ ತಾವೂ ಪಾಲುಗೊಂಡವರು ತಮ್ಮ ಕಿವಿಯ ಸರದಿ ಬಂದಾಗ ಹಿಂಜರಿಯದೆ ಇನ್ನೇನು ಮಾಡುತ್ತಾರೆ?

ಮದುವೆ ವಯಸ್ಸಿನ ಹುಡುಗಿಯರ ಕಷ್ಟ ಇನ್ನೂ ಹೆಚ್ಚು. ಕೂದಲು ಬಿಟ್ಟು ಕಿವಿ ಮುಚ್ಚುವುದು, ಗಂಡಿನ ಕಡೆಯವರು ಬಂದ ದಿನ ಮಿಷನ್ ತೆಗೆದಿಡುವುದು. ಸರಿಯಾಗಿ ಕೇಳಿಸಿಕೊಳ್ಳಬೇಕಾದ ದಿನವೇ ಅದು ಕಿವಿಯಲ್ಲಿ ಇರುವುದಿಲ್ಲ. ಇನ್ನು ವಯಸ್ಸಾದ ಹೆಂಗಸರು ‘ಈ ವಯಸ್ಸಲ್ಲಿ ನಂಗ್ಯಾಕಪ್ಪ ಅಷ್ಟು ಖರ್ಚು’ ಎಂದು ತಾವೇ ಬೇಡ ಅನ್ನುತ್ತಾರೆ, ಮನೆಯವರಿಗೂ ಅದು ಅನುಕೂಲ. ಗಂಡಸಿನ ಕಿವುಡು ವ್ಯವಹಾರಕ್ಕೆ ತೊಡಕಾಗುತ್ತದೆ, ಹಾಗಾಗಿ ಬೇಗ ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯ ಅಜ್ಜಿಯ ಕಿವುಡಿನಿಂದ ಯಾರ ಕೆಲಸವೂ ನಿಲ್ಲುವುದಿಲ್ಲ.

ಇವೆಲ್ಲದರ ಫಲ, ವಿಳಂಬ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಯರಿಂಗ್ ಏಡ್ ಬೇಕಾದ ಮಟ್ಟಕ್ಕೆ ಕಿವಿ ಮಂದವಾದ ಮೇಲೆ ಅದನ್ನು ಹಾಕಿಕೊಳ್ಳಲು ಜನ ತೆಗೆದುಕೊಂಡ ಹೊತ್ತು ಸರಾಸರಿ ಸುಮಾರು ಒಂಬತ್ತು ವರ್ಷ. ಹಣಕಾಸಿನ ಕಷ್ಟ, ಆಸ್ಪತ್ರೆಯ ದೂರ ಇವನ್ನೂ ಸೇರಿಸಿದರೆ ನಮ್ಮಲ್ಲಿ ಅದಕ್ಕಿಂತ ಕಡಿಮೆ ಎಂದು ನಂಬುವುದು ನಮಗೆ ಕಷ್ಟ. ಅಷ್ಟು ವರ್ಷ ಪೂರ್ತಿ ಸದ್ದು ಸಿಗದ ಮೆದುಳು ಮಾತನ್ನು ಬಿಡಿಸಿಕೊಳ್ಳುವ ಅಭ್ಯಾಸವನ್ನೇ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ದುಬಾರಿ ಮಿಷನ್ ತಂದರೂ ಕೆಲಸ ಕಷ್ಟ.

ಹರಕೆ ಹೊರಿ, ತಡ ಮಾಡಬೇಡಿ

ಕಿವಿ ಸೋರಿದರೆ ನಾಗದೋಷ ಎಂಬ ನಂಬಿಕೆ ನಮ್ಮ ಕಡೆ ಇದೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಘಾಟಿ ಸುಬ್ರಹ್ಮಣ್ಯ ಇರುವಾಗ ಜನ ಅಲ್ಲಿಗೆ ಹೋಗಿ ಹರಕೆ ಹೊರುವುದು ಸಹಜ. ಅದನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಹರಕೆಯಿಂದ ಕಿವಿಗೆ ತೊಂದರೆಯಿಲ್ಲ, ಹರಕೆ ತೀರುವ ತನಕ ಡಾಕ್ಟರ ಹತ್ತಿರ ಹೋಗದೆ ಕಾಯುವುದರಿಂದ ತೊಂದರೆ. ಸೋರುವ ಕಿವಿಯಲ್ಲಿ ತಮಟೆ ತೂತಾಗಿರಬಹುದು. ಅಂಥ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಹೈಡ್ರೋಜನ್ ಪೆರಾಕ್ಸೈಡ್ ಯಾವುದನ್ನೂ ಬಿಡಬಾರದು.

ಈ ಲೇಖನದಲ್ಲಿ ಒಂದೇ ಸಾಲು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ: ಒಂದು ಕಿವಿ ಇದ್ದಕ್ಕಿದ್ದಂತೆ, ಒಂದು ರಾತ್ರಿಯಲ್ಲಿ ಅಥವಾ ಎರಡು ಮೂರು ದಿನದೊಳಗೆ ಕೇಳಿಸದಂತಾದರೆ ಅದು ತುರ್ತು, ಅದೇ ದಿನ ಇಎನ್‌ಟಿ ಡಾಕ್ಟರನ್ನು ನೋಡಿ. ಇದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಹೆಚ್ಚು ಫಲ ಕೊಡುತ್ತದೆ, ಎರಡು ವಾರ ದಾಟಿದರೆ ಆಸೆ ಬಹಳ ಕಡಿಮೆ. ‘ಗುಗ್ಗೆ ಕಟ್ಟಿರಬೇಕು, ಎಣ್ಣೆ ಬಿಟ್ಟು ನೋಡೋಣ’ ಎಂದು ಕಳೆದ ಹತ್ತು ದಿನ ಮತ್ತೆ ಸಿಗುವುದಿಲ್ಲ.

ಮಗು ಮಾತಾಡದಿದ್ದರೆ

ಇಲ್ಲಿ ವಿಳಂಬ ಇನ್ನೂ ದುಬಾರಿ. ‘ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಬರುತ್ತೆ ಬಿಡು’ ಎಂದು ಮನೆಯ ಹಿರಿಯರು ಹೇಳಿದರೆ ತಾಯಿ ಸುಮ್ಮನಾಗುತ್ತಾಳೆ. ಮಾತು ಕಲಿಯಲು ಮೆದುಳು ಅತಿ ಸಿದ್ಧವಾಗಿರುವುದು ಮೊದಲ ಮೂರು ವರ್ಷಗಳಲ್ಲಿ. ಹುಟ್ಟಿದ ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ಜಗತ್ತಿನಾದ್ಯಂತ ಒಪ್ಪಿರುವ ಗುರಿ. ತಪಾಸಣೆಯಲ್ಲಿ ನೋವಿಲ್ಲ, ಮಗು ಮಲಗಿರುವಾಗಲೇ ಮಾಡುತ್ತಾರೆ. ಹಿಂದಿನಿಂದ ತಟ್ಟೆ ಬಡಿದಾಗ ಮಗು ತಿರುಗಿತು ಎಂಬುದು ಪರೀಕ್ಷೆಯಲ್ಲ. ತಗ್ಗಿನ ಜೋರು ಸದ್ದು, ನೆಲದ ಅದುರು ಗೊತ್ತಾಗಿ ಮಾತಿನ ವ್ಯಂಜನ ಕೇಳಿಸದ ಮಕ್ಕಳು ಇದ್ದಾರೆ.

ಸೋದರಮಾವ, ಅತ್ತೆ ಮಗ, ಮಾವನ ಮಗಳು ಎಂಬ ಸಂಬಂಧದ ಮದುವೆಗಳು ನಮ್ಮಲ್ಲಿ ಇನ್ನೂ ಸಾಮಾನ್ಯ. ಹುಟ್ಟು ಕಿವುಡಿಗೆ ಕಾರಣವಾಗುವ ಕೆಲವು ವಂಶವಾಹಿಗಳು ಗಂಡ ಹೆಂಡತಿ ಇಬ್ಬರಲ್ಲೂ ಇದ್ದಾಗ ಮಗುವಿಗೆ ಬರುತ್ತವೆ, ರಕ್ತಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ಇದರಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ. ಹಾಗಿದ್ದರೂ ಬೈಗುಳ ಬೀಳುವುದು ತಾಯಿಗೆ, ಅವಳು ‘ಬಸುರಿಯಲ್ಲಿ ಏನೋ ತಿಂದಳು’ ಎಂಬ ಮಾತಿಗೆ ಹೆದರಿ ಮಗುವಿನ ತೊಂದರೆಯನ್ನು ಹೇಳಿಕೊಳ್ಳುವುದೇ ತಡವಾಗುತ್ತದೆ.

ಮಿಷನ್ ಬಂದ ಮೊದಲ ತಿಂಗಳು

ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣುತ್ತದೆ, ಕಿವಿ ಮಿಷನ್ ಹಾಗಲ್ಲ. ಹತ್ತು ವರ್ಷದಿಂದ ಕೇಳದಿದ್ದ ಸದ್ದೆಲ್ಲ ಒಟ್ಟಿಗೇ ಬರುತ್ತದೆ: ತಟ್ಟೆ ಲೋಟದ ಸದ್ದು, ಮಿಕ್ಸಿ, ನಲ್ಲಿ ನೀರು, ತಮ್ಮದೇ ಚಪ್ಪಲಿ. ತಮ್ಮ ದನಿ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ಮೆದುಳು ಮತ್ತೆ ಕಲಿಯಲು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಬೇಕು. ಇದನ್ನು ಮೊದಲೇ ಹೇಳಿರದಿದ್ದರೆ ‘ಮಿಷನ್ ಸರಿಯಿಲ್ಲ’ ಎಂಬ ತೀರ್ಮಾನ ಮೊದಲ ವಾರವೇ ಆಗಿಹೋಗುತ್ತದೆ.

ನಮ್ಮ ಜನ ಮಾಡುವ ದೊಡ್ಡ ತಪ್ಪು, ಮಿಷನ್ ತರುವುದೇ ಯಾವುದೋ ಮದುವೆಗೆ ಎರಡು ದಿನ ಮುಂಚೆ. ವಾಲಗ, ಡೋಲು, ಮೈಕು, ಐನೂರು ಜನರ ಮಾತು ಇರುವ ಛತ್ರ ಹೊಸ ಮಿಷನ್‌ಗೆ ಅತ್ಯಂತ ಕೆಟ್ಟ ಜಾಗ. ಮೊದಲ ವಾರ ಮನೆಯೊಳಗೆ, ದಿನಕ್ಕೆ ಎರಡು ಮೂರು ಗಂಟೆ, ಒಬ್ಬರೊಡನೆ ಮಾತು. ಆಮೇಲೆ ಇಬ್ಬರು ಮೂವರು. ಆಮೇಲೆ ಅಂಗಡಿ, ಬಸ್ ಸ್ಟ್ಯಾಂಡ್. ಮದುವೆ ಮನೆ ಕೊನೆಗೆ. ನಡುವೆ ಎರಡು ಮೂರು ಸಲವಾದರೂ ಆಡಿಯಾಲಜಿಸ್ಟ್ ಹತ್ತಿರ ಹೋಗಿ ಸದ್ದು ಹೊಂದಿಸಿಕೊಳ್ಳಬೇಕು. ದೇವನಹಳ್ಳಿ ಅಥವಾ ಹೊಸಕೋಟೆಯ ಹಳ್ಳಿಯಿಂದ ಬೆಂಗಳೂರಿನ ಕ್ಲಿನಿಕ್‌ಗೆ ಮೂರು ಸಲ ಓಡಾಡುವುದೆಂದರೆ ಮೂರು ದಿನದ ಕೂಲಿ, ಜೊತೆಗೆ ಬರುವ ಮಗನದ್ದೂ ಸೇರಿದರೆ ಆರು. ಎರಡನೇ ಭೇಟಿ ತಪ್ಪುವುದು ಇಲ್ಲೇ. ಹಾಗಾಗಿ ಕೊಳ್ಳುವ ಮುನ್ನ ಬೆಲೆಯ ಜೊತೆಗೆ ‘ಮುಂದಿನ ಸಲ ಎಲ್ಲಿಗೆ ಬರಬೇಕು, ಎಷ್ಟು ಸಲ?’ ಎಂದೂ ಕೇಳಿ.

ಪರೀಕ್ಷೆಯ ಭಾಷೆಯನ್ನೂ ಕೇಳಿ. ಪದಗಳನ್ನು ಹೇಳಿ ತಿರುಗಿ ಹೇಳಿಸುವ ಪರೀಕ್ಷೆಗೆ ಕನ್ನಡದ್ದೇ ಪದಪಟ್ಟಿಗಳಿವೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವನ್ನು ರೂಪಿಸಿದ್ದಾರೆ. ದೊಡ್ಡಬಳ್ಳಾಪುರದ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಕುಟುಂಬಗಳೂ ಬೇಕಾದಷ್ಟಿವೆ. ಗೊತ್ತಿಲ್ಲದ ಭಾಷೆಯಲ್ಲಿ ಪರೀಕ್ಷಿಸಿದರೆ ಕಿವಿಯ ತಪ್ಪು ಯಾವುದು, ಭಾಷೆಯ ತಪ್ಪು ಯಾವುದು ತಿಳಿಯುವುದಿಲ್ಲ.

ಮನೆಯವರೂ ಸ್ವಲ್ಪ ಬದಲಾಗಬೇಕು. ಮೊದಲು ಹೆಸರು ಹಿಡಿದೋ ‘ತಾತ’ ಎಂದೋ ಕರೆದು, ಅವರು ತಿರುಗಿದ ಮೇಲೆ ಎದುರು ನಿಂತು ಮಾತಾಡಿ. ಕಿರುಚಬೇಡಿ, ಕಿರುಚಿದರೆ ಸ್ವರ ಜೋರಾಗುತ್ತದೆ, ವ್ಯಂಜನ ಜೋರಾಗುವುದಿಲ್ಲ. ಅರ್ಥವಾಗದಿದ್ದರೆ ಅದೇ ಮಾತನ್ನು ಮತ್ತೆ ಮತ್ತೆ ಹೇಳದೆ ಬೇರೆ ಪದದಲ್ಲಿ ಹೇಳಿ. ‘ಏನಿಲ್ಲ ಬಿಡಿ’ ಎಂದು ಮಾತ್ರ ಅನ್ನಬೇಡಿ.

ಇದರ ನಡುವೆ ಇನ್ನೊಂದು ಹೊಸ ಫಾರ್ವರ್ಡ್ ಇದೆ: ‘ಕಿವಿ ಮಿಷನ್ ಹಾಕಿದರೆ ಮರೆವಿನ ಕಾಯಿಲೆ ಬರುವುದಿಲ್ಲ.’ ಇದು ಅರ್ಧ ಸತ್ಯ. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರ ವರದಿಯಲ್ಲಿ ಕಿವಿ ಮಂದವಾಗುವುದನ್ನು ನಾವು ಬದಲಾಯಿಸಬಹುದಾದ ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಇಟ್ಟಿದೆ. 2023ರಲ್ಲಿ ಅಮೆರಿಕದ ‘ಅಚೀವ್’ ಎಂಬ ಪ್ರಯೋಗದಲ್ಲಿ ಮೂರು ವರ್ಷದ ನಂತರ ಒಟ್ಟಾರೆ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಮೊದಲೇ ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಮಾತ್ರ ಬುದ್ಧಿಶಕ್ತಿಯ ಇಳಿಕೆ 48 ಪ್ರತಿಶತ ನಿಧಾನವಾಯಿತು. ಆಸೆ ಇದೆ, ಗ್ಯಾರಂಟಿ ಇಲ್ಲ.

60 ಡೆಸಿಬೆಲ್ ಎಂಬ ಗೆರೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇರುವವರನ್ನು ‘ಮಂದ ಶ್ರವಣ’ ಎಂದೂ, 70 ಡೆಸಿಬೆಲ್ ನಷ್ಟ ಇರುವವರನ್ನು ‘ಕಿವುಡು’ ಎಂದೂ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನಾಗಿರುವ ಕಿವಿಯಲ್ಲೇ 35 ಡೆಸಿಬೆಲ್‌ಗಿಂತ ಹೆಚ್ಚು ನಷ್ಟವಿದ್ದರೆ ನೆರವು ಬೇಕು ಅನ್ನುತ್ತದೆ. 35 ಮತ್ತು 60ರ ನಡುವೆ ಇರುವ ನೇಕಾರರು, ಹಿರಿಯರು ಮನೆಯಲ್ಲಿ ‘ಕೆಪ್ಪ’ ಅನ್ನಿಸಿಕೊಳ್ಳುತ್ತಾರೆ, ಕಾಗದದಲ್ಲಿ ಆರೋಗ್ಯವಂತರು. ಸದ್ದಿನಿಂದಾದ ಕಿವುಡನ್ನು ನಮ್ಮ ಕಾನೂನು ಔದ್ಯೋಗಿಕ ರೋಗ ಎಂದೇ ಒಪ್ಪಿದೆ. ಆದರೆ ನಾಲ್ಕಾರು ಮಗ್ಗದ ಮನೆ ಕಾರ್ಖಾನೆಯ ಲೆಕ್ಕಕ್ಕೇ ಬರುವುದಿಲ್ಲ. ಇದು ಸರಿಯಾಗಬೇಕಾದದ್ದು ಕಾನೂನಿನಲ್ಲಿ, ನೇಕಾರರ ‘ಅರಿವಿನಲ್ಲಿ’ ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಇರುವ ದಾರಿಗಳಲ್ಲಿ, ಅಂಗವೈಕಲ್ಯ ಪ್ರಮಾಣಪತ್ರ ಇರುವ ಕಡಿಮೆ ಆದಾಯದವರಿಗೆ ಕೇಂದ್ರದ ‘ಅಡಿಪ್’ ಯೋಜನೆ ಇದೆ. ಬಡ ಕುಟುಂಬದ 60 ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಶಿಬಿರಗಳಲ್ಲಿ ಹಿಯರಿಂಗ್ ಏಡ್ ಕೊಡುತ್ತಾರೆ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಮಕ್ಕಳ ವಿಷಯವನ್ನು ಆಶಾ ಕಾರ್ಯಕರ್ತೆಯರಿಗೆ ಹೇಳಿದರೂ ಆಗುತ್ತದೆ. ಬೆಂಗಳೂರಿಗೇ ಬರುವುದಾದರೆ ವಿಕ್ಟೋರಿಯಾ ಆಸ್ಪತ್ರೆಯ ಇಎನ್‌ಟಿ ವಿಭಾಗ ಇದೆ, ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಹಿರಿಯರ ಜೊತೆ ದಿನವೂ ಹೆಚ್ಚು ಮಾತಾಡುವವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ. ಕಾರು ಓಡಿಸುವ ಮಗನಿಗಿಂತ ಜೊತೆಗಿರುವ ಸೊಸೆಗೋ ಮೊಮ್ಮಗಳಿಗೋ ಆ ಅರ್ಧ ಗಂಟೆಯ ಸಲಹೆ ಹೆಚ್ಚು ಬೇಕು. ಬೀರುವಿನಲ್ಲಿ ಹಳೇ ಮಿಷನ್ ಇದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ: ಸೆಲ್ ಮುಗಿದಿರುವುದು, ತುದಿಗೆ ಗುಗ್ಗೆ ಕಟ್ಟಿರುವುದು, ಸದ್ದು ಈಗಿನ ಕಿವಿಗೆ ಹೊಂದಿಸದೆ ಇರುವುದು, ಎಷ್ಟೋ ಸಲ ಅದರ ತೊಂದರೆ ಇಷ್ಟೇ ಆಗಿರುತ್ತದೆ.